ಒಂದೇ ಕಾಲೊನಿ, ಜೀನೋಮ್ ಮಾತ್ರ 1 ಕೋಟಿ 3 ಲಕ್ಷ ಬೇಸ್: ವಿಬ್ರಿಯೊ ಅಸೆಂಬ್ಲಿಯಲ್ಲಿ ಎಲ್ಲಿ ತಪ್ಪಿದೆ?

ಅಳಿವೆಬಾಗಿಲು:

ಎಲ್ಲರಿಗೂ ನಮಸ್ಕಾರ. ಬೆಂಗ್ರೆ ಕಡೆಯ ಅಳಿವೆಯಲ್ಲಿ ಹೆಕ್ಕಿದ ಮರುವಾಯಿ ಅನ್ನುವ ಚಿಪ್ಪುಜೀವಿಯಿಂದ ಸಿಕ್ಕಿದ ವಿಬ್ರಿಯೊ ಪ್ಯಾರಾಹೀಮೋಲಿಟಿಕಸ್ ಬ್ಯಾಕ್ಟೀರಿಯಾ ಒಂದರ ಜೀನೋಮ್ ಡೇಟಾ ಕೈಯಲ್ಲುಂಟು. ಕ್ಷಾರೀಯ ಪೆಪ್ಟೋನ್ ನೀರಿನಲ್ಲಿ ಬೆಳೆಸಿ, ಟಿಸಿಬಿಎಸ್ (ವಿಬ್ರಿಯೊ ಆರಿಸುವ ಅಗರ್) ಪ್ಲೇಟಿಗೆ ಗೀರಿ, ಒಂದು ಹಸಿರು ಕಾಲೊನಿ ಎತ್ತಿ ಬ್ರಾತಿಗೆ (ದ್ರವ ಆಹಾರಕ್ಕೆ) ಹಾಕಿ, ಅದರಿಂದ ಡಿಎನ್‌ಎ ತೆಗೆದದ್ದು. ಪಿಸಿಆರ್‌ನಲ್ಲಿ ಜಾತಿ ಗುರುತಿಸುವ ಜೀನ್ ಟಾಕ್ಸ್‌ಆರ್ ಬಂದಿದೆ, ವಿಷದ ಜೀನ್‌ಗಳಲ್ಲಿ ಟಿಆರ್‌ಎಚ್ ಬಂದಿದೆ, ಟಿಡಿಎಚ್ ಇಲ್ಲ. ಸೀಕ್ವೆನ್ಸಿಂಗ್ ಹೊರಗೆ ಮಾಡಿಸಿದ್ದು: ಇಲ್ಯುಮಿನಾ, 150 ಬೇಸಿನ ಜೋಡಿ ರೀಡ್ (ಯಂತ್ರ ಓದಿದ ತುಂಡು), 40 ಲಕ್ಷ ಜೋಡಿ. ಅಂದರೆ 120 ಕೋಟಿ ಬೇಸ್. ಜೀನೋಮ್ 52 ಲಕ್ಷ ಅಂತ ಹಿಡಿದರೆ ಡೆಪ್ತ್ (ಒಂದೊಂದು ಬೇಸನ್ನು ಸರಾಸರಿ ಎಷ್ಟು ಸಲ ಓದಿದೆ ಅನ್ನುವುದು) 230ರ ಹತ್ತಿರ ಆಗ್ತದೆ.

ಫಾಸ್ಟ್‌ಪಿಯಲ್ಲಿ ಅಡಾಪ್ಟರ್ ತೆಗೆದೆ. ಗುಣಮಟ್ಟ ಕ್ಯೂ 30 ದಾಟಿದ ಬೇಸ್ ಶೇ. 92. ಆಮೇಲೆ ರೀಡುಗಳನ್ನು ಜೋಡಿಸುವ ಸ್ಪೇಡ್ಸ್ ಅನ್ನು ಐಸೋಲೇಟ್ (ಒಂದೇ ಶುದ್ಧ ತಳಿಯ) ಮೋಡಿನಲ್ಲಿ ಓಡಿಸಿದೆ, ಕೆ (ಜೋಡಿಸಲಿಕ್ಕೆ ಬಳಸುವ ಚಿಕ್ಕ ತುಂಡಿನ ಉದ್ದ) 21, 33, 55, 77. ಕ್ವಾಸ್ಟ್ ಹೇಳುವುದು: 500 ಬೇಸಿಗಿಂತ ಉದ್ದದ ಕಾಂಟಿಗ್ (ರೀಡ್ ಜೋಡಿಸಿ ಕಟ್ಟಿದ ತುಂಡು) 386, ಒಟ್ಟು ಉದ್ದ 1 ಕೋಟಿ 3 ಲಕ್ಷ, ಎನ್50 (ಒಟ್ಟು ಉದ್ದದ ಅರ್ಧ ಇಷ್ಟು ಅಥವಾ ಇದಕ್ಕಿಂತ ಉದ್ದದ ಕಾಂಟಿಗ್‌ಗಳಲ್ಲಿ) 74 ಸಾವಿರ, ಜಿಸಿ (ಜಿ ಮತ್ತು ಸಿ ಬೇಸುಗಳ ಪಾಲು) ಶೇ. 45.1.

ಜಿಸಿ ಸರಿಯಾಗಿಯೇ ಉಂಟು. ಫಾಸ್ಟ್‌ಕ್ಯೂಸಿಯ ಜಿಸಿ ಗ್ರಾಫಿನಲ್ಲೂ ಒಂದೇ ಗುಡ್ಡೆ. ಉದ್ದ ಮಾತ್ರ ಇಮ್ಮಡಿ. ರೀಡ್ ಯಾವ ಜಾತಿಯದ್ದು ಅಂತ ಹೇಳುವ ಕ್ರಾಕನ್ 2ಕ್ಕೆ 8 ಜಿಬಿಯ ಚಿಕ್ಕ ಡೇಟಾಬೇಸ್ ಕೊಟ್ಟಾಗ ಶೇ. 58 ಪ್ಯಾರಾಹೀಮೋಲಿಟಿಕಸ್, 17 ಅಲ್ಜಿನೋಲಿಟಿಕಸ್, 22 ಬರೇ ವಿಬ್ರಿಯೊ ಅಂತ, ಉಳಿದ 3 ಗುರುತಿಲ್ಲ. ಎರಡೂ ಹತ್ತಿರದ ಜಾತಿ, ಡೇಟಾಬೇಸೂ ಚಿಕ್ಕದು, ಅದಕ್ಕೇ ಗೊಂದಲ ಆಗಿರಬೇಕು ಅಂತ ಬಿಟ್ಟೆ.

ಈಗ ಮೂರು ಪ್ರಶ್ನೆ. ಸ್ಪೇಡ್ಸ್‌ನಲ್ಲಿ ಎಂತ ಬದಲಿಸಿದರೆ ಉದ್ದ 52 ಲಕ್ಷಕ್ಕೆ ಇಳೀತದೆ? 1,000ಕ್ಕಿಂತ ಚಿಕ್ಕ ಕಾಂಟಿಗ್ ಬಿಸಾಡಿದರೆ ಸಾಕಾ? ಅಸೆಂಬ್ಲಿಯಲ್ಲಿ (ಸ್ಪೇಡ್ಸ್ ಜೋಡಿಸಿದ್ದರಲ್ಲಿ) ಬ್ಲಾಸ್ಟ್ ಹಾಕಿ ಹೋಲಿಸಿದಾಗ ಟಿಆರ್‌ಎಚ್ ಪೂರ್ತಿ ಸಿಕ್ಕಿದೆ. ಇದನ್ನು ಟಿಆರ್‌ಎಚ್ ಇರುವ ಪ್ಯಾರಾಹೀಮೋಲಿಟಿಕಸ್ ಅಂತ ಬರೆಯಬಹುದಾ? ಇನ್ನೊಂದು, ಲ್ಯಾಪ್‌ಟಾಪ್ 16 ಜಿಬಿಯದ್ದು, ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್. ಸ್ಪೇಡ್ಸ್ ಎರಡು ಸಲ ಅರ್ಧದಲ್ಲಿ ಸತ್ತು ಮೂರನೇ ಸಲ ಮುಗಿದದ್ದು.

ಪಡುಬಿದ್ರಿ_ಪೈಪ್‌ಲೈನ್:

230 ಡೆಪ್ತ್ ಜಾಸ್ತಿ ಆಯ್ತು ಮಾರಾಯ್ರೇ. ಡೆಪ್ತ್ ಏರಿದ ಹಾಗೆ ಒಂದೇ ಜಾಗದ ತಪ್ಪು ಬೇಸ್ ಮತ್ತೆ ಮತ್ತೆ ಕಾಣಿಸಿಕೊಂಡು ಸ್ಪೇಡ್ಸ್‌ಗೆ ನಿಜದ ಕವಲು ಅನ್ನಿಸಲಿಕ್ಕೆ ಶುರುವಾಗ್ತದೆ. 100ಕ್ಕೆ ಇಳಿಸಿ ನೋಡಿ. ಒಂದು ಪಾಲು ರೀಡ್ ಮಾತ್ರ ಆರಿಸುವ ಸೆಕ್‌ಟಿಕೆಯಲ್ಲಿ ಭಾಗ 0.43 ಕೊಡಿ, ಜೋಡಿಯ ಎರಡು ಫೈಲ್ ಆರ್1 ಮತ್ತು ಆರ್2 ಎರಡಕ್ಕೂ ಒಂದೇ ಸೀಡ್ ಸಂಖ್ಯೆ (ಯಾವ ರೀಡ್ ಆರಿಸಬೇಕು ಅಂತ ನಿರ್ಧರಿಸುವುದು) ಇರಲಿ. ಸೀಡ್ ಬೇರೆಯಾದರೆ ಜೋಡಿ ತಪ್ಪಿ ಹೋಗ್ತದೆ, ಸ್ಪೇಡ್ಸ್ ಕೆಲವೊಮ್ಮೆ ತಕರಾರು ಮಾಡದೆ ಓಡಿಬಿಡ್ತದೆ.

ಜೊತೆಗೆ ಪ್ರತಿ ರೀಡಿನ ಮೊದಲ 15 ಬೇಸ್ ಕತ್ತರಿಸಿ. ಫಾಸ್ಟ್‌ಕ್ಯೂಸಿಯಲ್ಲಿ ಅಲ್ಲಿ ಎ, ಟಿ, ಜಿ, ಸಿ ಗೆರೆಗಳು ಕುಣಿಯುವುದು ನಿಮಗೂ ಕಂಡಿರಬಹುದು.

ಕೊಣಾಜೆಗುಡ್ಡೆ:

ಸಬ್‌ಸ್ಯಾಂಪಲ್ ಮಾಡುವುದು ಒಳ್ಳೆಯ ಅಭ್ಯಾಸವೇ, ಆದರೆ ಈ ರೋಗಕ್ಕೆ ಅದು ಮದ್ದಲ್ಲ. ತಪ್ಪು ಬೇಸುಗಳಿಂದ ಹುಟ್ಟುವ ಕಾಂಟಿಗ್ ನೂರು, ಇನ್ನೂರು ಬೇಸಿನದ್ದು. ಅಂಥದ್ದು ಸಾವಿರಗಟ್ಟಲೆ ಸೇರಿದರೂ 50 ಲಕ್ಷ ಆಗುವುದಿಲ್ಲ. ಒಂದು ವೇಳೆ ಆದರೂ ಎನ್50 ಪಾತಾಳಕ್ಕೆ ಹೋಗಿರ್ತದೆ. ಇಲ್ಲಿ ಎನ್50 74 ಸಾವಿರ ಉಂಟು, ಉದ್ದವೂ ಇಮ್ಮಡಿ ಉಂಟು. ಇದು ಕಸ ಅಲ್ಲ. ಚೆನ್ನಾಗಿ ಕಟ್ಟಿದ ಎರಡು ಜೀನೋಮ್ ಒಂದೇ ಫೈಲಿನಲ್ಲಿ ಕೂತಿದೆ.

ಲೆಕ್ಕ ನೋಡಿ. ರೆಫರೆನ್ಸ್ ತಳಿ ಆರ್‌ಐಎಂಡಿ 2210633ರ ಜೀನೋಮ್ 2003ರಲ್ಲಿ ಬಂತು. ಎರಡು ಕ್ರೋಮೋಸೋಮ್: 32,88,558 ಮತ್ತು 18,77,212 ಬೇಸ್, ಕೂಡಿದರೆ 51.7 ಲಕ್ಷ. ಅಲ್ಜಿನೋಲಿಟಿಕಸ್‌ನದ್ದೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಕೂಡಿಸಿದರೆ ನಿಮ್ಮ 1 ಕೋಟಿ 3 ಲಕ್ಷ. ಕ್ರಾಕನ್ ಗೊಂದಲ ಮಾಡಿಕೊಳ್ಳಲಿಲ್ಲ, ಸರಿಯಾಗಿಯೇ ಹೇಳಿತ್ತು. ಗೊಂದಲವಾದದ್ದು ಆ 22 ಶೇಕಡದಲ್ಲಿ ಮಾತ್ರ. ಎರಡೂ ಜಾತಿಯಲ್ಲಿ ಒಂದೇ ತರ ಇರುವ ಕೆ-ಮರ್ (ಕೆ ಅಕ್ಷರ ಉದ್ದದ ತುಂಡು) ಸಿಕ್ಕಿದಾಗ ಅದು ಮೇಲಿನ ಕುಲದ ಹೆಸರು ಹೇಳಿ ಸುಮ್ಮನಾಗ್ತದೆ.

ಜಿಸಿ ಗ್ರಾಫ್ ನಂಬಿ ಮೋಸ ಹೋಗುವುದು ಇಂಥ ಕಡೆಯೇ. ಒಂದರ ಜಿಸಿ 45.4, ಇನ್ನೊಂದರದ್ದು 44.7ರ ಆಸುಪಾಸು, ಎರಡು ಗುಡ್ಡೆ ಒಂದರ ಮೇಲೊಂದು ಕೂತು ಒಂದೇ ಆಗಿ ಕಾಣ್ತದೆ. ಸೂಡೊಮೊನಾಸ್ ಏರುಜಿನೋಸಾ ಸೇರಿದ್ದರೆ 66ರಲ್ಲಿ ಎರಡನೇ ಗುಡ್ಡೆ ಎದ್ದು ಕೂಗಿ ಹೇಳ್ತಿತ್ತು. ಹತ್ತಿರದ ನೆಂಟರು ಸೇರಿದಾಗ ಜಿಸಿ ಬಾಯಿ ಬಿಡುವುದಿಲ್ಲ, ಡೆಪ್ತ್ ಬಿಡ್ತದೆ.

ಡೆಪ್ತ್ ನೋಡಲಿಕ್ಕೆ ಹೊಸ ಸಾಫ್ಟ್‌ವೇರ್ ಬೇಡ. ಸ್ಪೇಡ್ಸ್ ಕೊಟ್ಟ ಕಾಂಟಿಗ್ ಫೈಲಿನ ಹೆಡರಿನಲ್ಲೇ ಉಂಟು. ದೊಡ್ಡದು-ಚಿಹ್ನೆಯಿಂದ (>) ಶುರುವಾಗುವ ಸಾಲುಗಳನ್ನು ಗ್ರೆಪ್‌ನಲ್ಲಿ ಎತ್ತಿ, ಅಂಡರ್‌ಸ್ಕೋರ್ ಇರುವಲ್ಲಿ ಒಡೆದರೆ ನಾಲ್ಕನೇ ಕಾಲಂ ಉದ್ದ, ಆರನೇ ಕಾಲಂ ಕವರೇಜ್. ಎಕ್ಸೆಲ್‌ಗೆ ಹಾಕಿದರೂ ಸಾಕು. 1,000 ಬೇಸಿಗಿಂತ ಉದ್ದದ್ದನ್ನು ಮಾತ್ರ ಇಟ್ಟುಕೊಂಡು ಕವರೇಜ್ ಪ್ರಕಾರ ಸಾಲು ಮಾಡಿ.

ಒಂದು ಜಾಗ್ರತೆ. ಆ ಆರನೇ ಕಾಲಂ ರೀಡ್ ಡೆಪ್ತ್ ಅಲ್ಲ, ಕೊನೆಯ ಕೆ, ಅಂದರೆ 77ರ, ಕೆ-ಮರ್ ಡೆಪ್ತ್. 150 ಬೇಸಿನ ಒಂದು ರೀಡಿನಲ್ಲಿ 77ರ ಕೆ-ಮರ್ ಸಿಗುವುದು 74 ಮಾತ್ರ. ಹಾಗಾಗಿ ರೀಡ್ ಡೆಪ್ತ್ ಬೇಕಾದರೆ ಆ ಸಂಖ್ಯೆಯನ್ನು 0.49ರಿಂದ ಭಾಗಿಸಬೇಕು. ಒಂದೇ ಜೀವಿ ಆಗಿದ್ದು ಡೆಪ್ತ್ 230 ಇದ್ದರೆ ಹೆಡರಿನಲ್ಲಿ ಬಹುಪಾಲು ಕಾಂಟಿಗ್‌ಗಳಿಗೆ 113ರ ಸುತ್ತ ಕಾಣಬೇಕು. ನಿಮ್ಮಲ್ಲಿ ಎರಡು ಗುಂಪು ಕಾಣಬಹುದು, ಎರಡೂ 113ಕ್ಕಿಂತ ಕೆಳಗೆ. ನೋಡಿ ಇಲ್ಲಿ ಹಾಕಿ.

ಇನ್ನೊಂದು ಸಾಕ್ಷಿ, ಒಂದೊಂದೇ ಪ್ರತಿ ಇರಬೇಕಾದ ಜೀನ್‌ಗಳನ್ನು ಎಣಿಸುವ ಬುಸ್ಕೊದಿಂದ ಸಿಗ್ತದೆ. ವಿಬ್ರಿಯೊನೇಲ್ಸ್ ಸೆಟ್ ಹಾಕಿ ಓಡಿಸಿ. ಶುದ್ಧ ಐಸೋಲೇಟಿನಲ್ಲಿ ಡುಪ್ಲಿಕೇಟೆಡ್ ಅನ್ನುವುದು ಶೇ. 1ರ ಆಸುಪಾಸು. ಚೆಕ್‌ಎಂ ಕೂಡ ಇದನ್ನೇ ಹೇಳ್ತದೆ, ಆದರೆ ಅದರ ಪೂರ್ತಿ ಮರಕ್ಕೆ 40 ಜಿಬಿ ರ‍್ಯಾಮ್ ಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಪ್ರಯತ್ನ ಬೇಡ.

ಮೊದಲ 15 ಬೇಸ್ ಕತ್ತರಿಸುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಅಲ್ಲಿ ಗೆರೆ ಕುಣಿಯುವುದು ಲೈಬ್ರರಿ ಮಾಡುವಾಗ ಕಿಣ್ವವೇ ಡಿಎನ್‌ಎ ಕತ್ತರಿಸುವ ಕಿಟ್‌ಗಳಲ್ಲಿ ಸಾಮಾನ್ಯ, ಯಾಕೆಂದರೆ ಕಿಣ್ವಕ್ಕೆ ಕೆಲವು ಅಕ್ಷರಗಳ ಕಡೆ ಒಲವು ಜಾಸ್ತಿ. ಬೇಸ್ ತಪ್ಪಾಗಿ ಓದಿದ್ದಲ್ಲ. ಕತ್ತರಿಸಿದರೆ ಹತ್ತರಲ್ಲೊಂದು ಪಾಲು ಡೇಟಾ ಸುಮ್ಮನೆ ಹೋಗ್ತದೆ. ಕತ್ತರಿಸಬೇಕಾದದ್ದು ಬಾಲದಲ್ಲಿ. ನೆಕ್ಸ್ಟ್‌ಸೀಕ್, ನೋವಾಸೀಕ್ ಯಂತ್ರಗಳಲ್ಲಿ ಬೆಳಕು ಬರದಿದ್ದರೆ ಅದನ್ನು ಜಿ ಅಂತ ಓದ್ತದೆ. ತುಂಡು ಮುಗಿದ ಮೇಲೂ ಜಿಜಿಜಿಜಿ ಅಂತ ಸಾಲು ಬರುವುದು ಅದಕ್ಕೇ. ಆ ಯಂತ್ರಗಳ ರೀಡ್ ಅಂತ ಹೆಡರಿನಲ್ಲಿ ಗುರುತಾದರೆ ಫಾಸ್ಟ್‌ಪಿ ತಾನಾಗಿಯೇ ತೆಗೀತದೆ.

ಪಡುಬಿದ್ರಿ_ಪೈಪ್‌ಲೈನ್:

15 ಬೇಸಿನ ವಿಷಯ ಒಪ್ಪಿದೆ. ಆದರೆ ಎರಡನೇ ಜೀವಿ ಪ್ಲೇಟಿನಿಂದಲೇ ಬಂದದ್ದು ಅಂತ ಹೇಗೆ? ಅದೇ ರನ್‌ನಲ್ಲಿ ಬೇರೆಯವರ ವಿಬ್ರಿಯೊ ಇದ್ದು ಇಂಡೆಕ್ಸ್ (ಸ್ಯಾಂಪಲ್ ಗುರುತಿನ ತುಂಡು) ಜಿಗಿದು ಅವರ ರೀಡ್ ಇಲ್ಲಿಗೆ ಬಂದಿರಬಹುದಲ್ಲ?

ಮಣಿಪಾಲದ_ಮಳೆ:

ಇಂಡೆಕ್ಸ್ ಜಿಗಿತ ಇರುವುದೇ ಹೌದು, ಆದರೆ ಅದರ ಅಳತೆ ಸಾಮಾನ್ಯವಾಗಿ ಶೇ. 0.1ರಿಂದ 2. ಇಲ್ಲಿ ಕ್ರಾಕನ್ ಹೆಸರಿಟ್ಟ ರೀಡುಗಳಲ್ಲಿ 58ಕ್ಕೆ 17 ಅಂದರೆ ನಾಲ್ಕರಲ್ಲಿ ಒಂದು ಪಾಲು. ಜಿಗಿತ ಆಗಿದ್ದರೆ ಆ ರನ್ನಿನ ಉಳಿದ ಸ್ಯಾಂಪಲ್‌ಗಳದ್ದೂ ಚೂರುಚೂರು ಬರಬೇಕಿತ್ತು, ಒಂದೇ ಜಾತಿಯ ಪೂರ್ತಿ ಜೀನೋಮ್ ಇಷ್ಟು ಡೆಪ್ತಿನಲ್ಲಿ ಬರುವುದಿಲ್ಲ. ಲೈಬ್ರರಿ ಮಾಡುವ ಮೊದಲೇ ಟ್ಯೂಬಿನಲ್ಲಿ ಎರಡು ಇದ್ದವು.

ಅಸೆಂಬ್ಲಿಯನ್ನೇ ನಂಬದೆ ನೋಡಬೇಕಾದರೆ ಕೆ-ಮರ್ ಎಣಿಸುವ ಕೆಎಂಸಿಯನ್ನು ರೀಡುಗಳ ಮೇಲೆ ನೇರ ಓಡಿಸಿ, ಕೆ 21. ಈ ಲ್ಯಾಪ್‌ಟಾಪಿನಲ್ಲೂ ಕೆಲವೇ ನಿಮಿಷದ ಕೆಲಸ. ಕೆಎಂಸಿ ಎಣಿಕೆಯನ್ನು ತಾನಾಗಿ 255ಕ್ಕೆ ನಿಲ್ಲಿಸ್ತದೆ, ಅದನ್ನು 10,000ಕ್ಕೆ ಏರಿಸಿಕೊಳ್ಳಿ. 150ರ ರೀಡಿನಲ್ಲಿ 21ರ ಕೆ-ಮರ್ 130 ಇರ್ತದೆ, ಹಾಗಾಗಿ ಗುಣಕ 0.87. ಒಂದೇ ಜೀವಿ ಆದರೆ 199ರ ಹತ್ತಿರ ಒಂದು ಗುಡ್ಡೆ. ಮಿಶ್ರಣ ಆದರೆ 199ಕ್ಕಿಂತ ಕೆಳಗೆ ಎರಡು ಗುಡ್ಡೆ, ಅವುಗಳ ಮೊತ್ತ 199ರ ಹತ್ತಿರ. ಎರಡರಲ್ಲೂ ಇರುವ ಕೆ-ಮರ್ 199ರಲ್ಲಿ ಚಿಕ್ಕ ದಿಬ್ಬ ಮಾಡ್ತದೆ, ಚಿಕ್ಕದು ಯಾಕೆಂದರೆ ನೂರಕ್ಕೆ 85 ಹೋಲುವ ಎರಡು ಸರಣಿಯಲ್ಲಿ ಸತತ 21 ಅಕ್ಷರ ಹೊಂದುವುದು ನೂರರಲ್ಲಿ ಮೂರು ಕಡೆ.

ರೆಫರೆನ್ಸಿಗೆ ಮ್ಯಾಪ್ ಮಾಡಿ ವೇರಿಯಂಟ್ ತೆಗೆಯುವವರು ಇಂಥ ಮಿಶ್ರಣವನ್ನು ಕಾಣದೆಯೇ ಹೋಗ್ತಾರೆ. ಬಿಸಿಎಫ್‌ಟೂಲ್ಸ್‌ಗೆ ನಾವು ಏನೂ ಹೇಳದಿದ್ದರೆ ಅದು ಜೀವಿಯನ್ನು ಮನುಷ್ಯರ ಹಾಗೆ ಎರಡು ಪ್ರತಿಯದ್ದು ಅಂತ ಎಣಿಸಿ, ನಿಮ್ಮ ಬ್ಯಾಕ್ಟೀರಿಯಾಕ್ಕೆ ಹೆಟೆರೊಝೈಗಸ್ ಅಂತ ಬರೆದುಕೊಡ್ತದೆ. ಪ್ಲಾಯ್ಡಿ (ಪ್ರತಿಗಳ ಸಂಖ್ಯೆ) 1 ಕೊಟ್ಟರೆ ಬಹುಮತದ ಬೇಸ್ ಮಾತ್ರ ಬರೆದು ಅಲ್ಪಮತವನ್ನು ನುಂಗಿಬಿಡ್ತದೆ, ಫೈಲ್ ನೋಡಲಿಕ್ಕೆ ಚಂದ. ಪ್ಲಾಯ್ಡಿ 1 ಕೊಡಬೇಕಾದದ್ದೇ, ಆದರೆ ಪ್ರತಿ ಜಾಗದಲ್ಲಿ ಯಾವ ಬೇಸ್ ಎಷ್ಟು ರೀಡಿನಲ್ಲಿ ಉಂಟು ಅನ್ನುವ ಎಡಿ ಕಾಲಮನ್ನೂ ಬರೆಸಿಕೊಳ್ಳಿ. ಶುದ್ಧ ಐಸೋಲೇಟಿನಲ್ಲಿ ಅದು 150ಕ್ಕೆ 0 ಅಥವಾ 1. ಜೀನ್ ಜೀನಿನಲ್ಲೂ 110ಕ್ಕೆ 38 ತರದ ಜಾಗ ಸಾಲಾಗಿ ಬಂದರೆ ಎರಡನೆಯವನು ಉಂಟು ಅಂತಲೇ ಅರ್ಥ.

ಸ್ಪೇಡ್ಸ್ ಸತ್ತದ್ದರ ಬಗ್ಗೆ. ಡಬ್ಲ್ಯುಎಸ್‌ಎಲ್ ತಾನಾಗಿ ಯಂತ್ರದ ಅರ್ಧ ರ‍್ಯಾಮ್ ಮಾತ್ರ ತಗೊಳ್ತದೆ, ಅಂದರೆ ನಿಮಗೆ ಸಿಕ್ಕಿದ್ದು 8 ಜಿಬಿ. ವಿಂಡೋಸ್‌ನ ನಿಮ್ಮ ಯೂಸರ್ ಫೋಲ್ಡರಿನಲ್ಲಿ ಡಾಟ್-ಡಬ್ಲ್ಯುಎಸ್‌ಎಲ್‌ಕಾನ್ಫಿಗ್ ಅನ್ನುವ ಫೈಲ್ ಮಾಡಿ ಮೆಮೊರಿ 13 ಜಿಬಿ, ಸ್ವಾಪ್ 16 ಜಿಬಿ ಅಂತ ಬರೆಯಿರಿ. ಡಬ್ಲ್ಯುಎಸ್‌ಎಲ್ ಅನ್ನು ಶಟ್‌ಡೌನ್ ಮಾಡಿ ಮತ್ತೆ ತೆರೆದ ಮೇಲೆಯೇ ಅದು ಲೆಕ್ಕಕ್ಕೆ. ಡೇಟಾ ಸಿ ಡ್ರೈವಿನಲ್ಲಿ ಇಟ್ಟು ಅಲ್ಲಿಂದ ಓದಿಸಬೇಡಿ, ಆ ದಾರಿ ಬಹಳ ನಿಧಾನ. ಲಿನಕ್ಸ್‌ನ ಹೋಮ್ ಫೋಲ್ಡರಿಗೆ ನಕಲು ಮಾಡಿಕೊಳ್ಳಿ. ಸ್ಪೇಡ್ಸ್‌ಗೆ ಮೆಮೊರಿ ಮಿತಿ 12, ಥ್ರೆಡ್ 4 ಕೊಡಿ. ಮಿತಿ ಕೊಟ್ಟ ಮಾತ್ರಕ್ಕೆ ಅದು ಕಡಿಮೆ ಮೆಮೊರಿಯಲ್ಲಿ ಸುಧಾರಿಸಿಕೊಳ್ಳುವುದಿಲ್ಲ, ಮಿತಿ ದಾಟಿದ ಕೂಡಲೇ ತಾನೇ ನಿಲ್ತದೆ, ಅಷ್ಟೇ. ಮೆಮೊರಿ ನಿಜವಾಗಿ ಇಳಿಯುವುದು ಥ್ರೆಡ್ ಮತ್ತು ರೀಡ್ ಕಡಿಮೆ ಮಾಡಿದಾಗ.

ಈ ಮಳೆಗೆ ಕರೆಂಟು ಹೋಗಿ ಲ್ಯಾಪ್‌ಟಾಪ್ ಆಫ್ ಆದರೆ ಮೊದಲಿಂದ ಶುರು ಮಾಡುವುದು ಬೇಡ. ಕಂಟಿನ್ಯೂ ಆಯ್ಕೆ ಮತ್ತು ಅದೇ ಔಟ್‌ಪುಟ್ ಫೋಲ್ಡರ್ ಕೊಟ್ಟರೆ ಮುಗಿದ ಕೆಯಿಂದ ಮುಂದಕ್ಕೆ ಹೋಗ್ತದೆ. ಬೇರೆ ಯಾವ ಆಯ್ಕೆಯನ್ನೂ ಅದರ ಜೊತೆ ಸೇರಿಸಬೇಡಿ.

ಅಳಿವೆಬಾಗಿಲು:

ಮಾಡಿ ನೋಡಿದೆ. ಕೆಎಂಸಿಯಲ್ಲಿ ಗುಡ್ಡೆ 147ರಲ್ಲಿ ಒಂದು, 52ರಲ್ಲಿ ಒಂದು. 199ರಲ್ಲಿ ಸಣ್ಣ ಉಬ್ಬು. ಬುಸ್ಕೊದಲ್ಲಿ ಡುಪ್ಲಿಕೇಟೆಡ್ ಶೇ. 94.

ಹೆಡರಿನ ಕವರೇಜ್ ಪ್ರಕಾರ ಬೇರೆ ಮಾಡಿದಾಗ:

ಗುಂಪು ಒಂದು, ಕವರೇಜ್ 55ರಿಂದ 115, ಹೆಚ್ಚಿನವು 84ರ ಸುತ್ತ: ಕಾಂಟಿಗ್ 131, ಉದ್ದ 51.6 ಲಕ್ಷ.
ಗುಂಪು ಎರಡು, 18ರಿಂದ 42, ಹೆಚ್ಚಿನವು 30ರ ಸುತ್ತ: ಕಾಂಟಿಗ್ 204, ಉದ್ದ 50.3 ಲಕ್ಷ.
ಎರಡಕ್ಕೂ ಸೇರದ ಚಿಲ್ಲರೆ 51, ಉದ್ದ 1.1 ಲಕ್ಷ. ಅದರಲ್ಲಿ ಒಂದಕ್ಕೆ ಕವರೇಜ್ ಸಾವಿರ ದಾಟಿದೆ!

ಫಾಸ್ಟ್‌ಎಎನ್‌ಐ (ಎರಡು ಜೀನೋಮಿನ ಹೋಲಿಕೆ, ಶೇಕಡದಲ್ಲಿ): ಮೊದಲ ಗುಂಪು ಆರ್‌ಐಎಂಡಿ 2210633ಕ್ಕೆ 98.4. ಎರಡನೇ ಗುಂಪು ಅಲ್ಜಿನೋಲಿಟಿಕಸ್‌ನ ಮಾದರಿ ತಳಿ ಎಟಿಸಿಸಿ 17749ಕ್ಕೆ 98.3. ಇನ್ನು ವಾದಿಸಲಿಕ್ಕೆ ಏನೂ ಉಳಿಯಲಿಲ್ಲ.

ಈಗ ತಲೆಬಿಸಿ ಬೇರೆ. ಟಿಆರ್‌ಎಚ್ ಇರುವ ಕಾಂಟಿಗ್ 61 ಸಾವಿರ ಬೇಸ್ ಉದ್ದ, ಕವರೇಜ್ 29.4. ಅಂದರೆ ಅದು ಪ್ಯಾರಾಹೀಮೋಲಿಟಿಕಸ್‌ನದ್ದೇ ಅಲ್ಲ ಅಂತಲಾ? ಪಿಸಿಆರ್‌ನಲ್ಲಿ ಬಂದಿತ್ತಲ್ಲ?

ಕೊಣಾಜೆಗುಡ್ಡೆ:

ಪಿಸಿಆರ್‌ಗೆ ಟ್ಯೂಬಿನಲ್ಲಿ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ. ಟಾಕ್ಸ್‌ಆರ್ ಒಬ್ಬನಿಂದ, ಟಿಆರ್‌ಎಚ್ ಇನ್ನೊಬ್ಬನಿಂದ ಬಂದರೂ ಜೆಲ್ಲಿನಲ್ಲಿ ಎರಡು ಬ್ಯಾಂಡ್ ಕಾಣ್ತದೆ. ಅಲ್ಜಿನೋಲಿಟಿಕಸ್‌ನಲ್ಲಿ ಟಿಆರ್‌ಎಚ್ ಸಿಕ್ಕಿದ ವರದಿಗಳು ಮೊದಲೇ ಉಂಟು, ಹಾಗಾಗಿ ಆಶ್ಚರ್ಯದ ವಿಷಯ ಅಲ್ಲ.

ಆದರೆ 29.4 ಅನ್ನುವ ಒಂದೇ ಸಂಖ್ಯೆ ಹಿಡಿದು ತೀರ್ಪು ಕೊಡುವುದು ಬೇಡ. ವಿಬ್ರಿಯೊದಲ್ಲಿ ಒಂದು ವಿಶೇಷ ಉಂಟು. ಬಹಳ ಬೇಗ ಬೆಳೆಯುವ ಜೀವಿ, ಅನುಕೂಲ ಇದ್ದರೆ ಹತ್ತು ನಿಮಿಷದ ಆಸುಪಾಸಿನಲ್ಲಿ ಎರಡಾಗ್ತದೆ. ಅಷ್ಟು ವೇಗದಲ್ಲಿ ಮೊದಲ ನಕಲು ಮುಗಿಯುವ ಮೊದಲೇ ಎರಡನೇ ನಕಲು ಶುರುವಾಗಿರ್ತದೆ. ಹಾಗಾಗಿ ಜೋರಾಗಿ ಬೆಳೆಯುತ್ತಿದ್ದ ಬ್ರಾತಿನಿಂದ ಡಿಎನ್‌ಎ ತೆಗೆದಿದ್ದರೆ ನಕಲು ಶುರುವಾಗುವ ಜಾಗದ ಡೆಪ್ತ್ ಮುಗಿಯುವ ಜಾಗದ ಎರಡರಷ್ಟು, ಮೂರರಷ್ಟು ಇರಬಹುದು. ಎರಡನೇ ಕ್ರೋಮೋಸೋಮ್ ತಡವಾಗಿ ಶುರುಮಾಡಿ ದೊಡ್ಡದರ ಜೊತೆಗೇ ಮುಗಿಸುವುದರಿಂದ ಅದರ ಡೆಪ್ತ್ ದೊಡ್ಡದರ ತುದಿಯ ಹತ್ತಿರ ಇರ್ತದೆ. ನಿಮ್ಮ ಎರಡು ಗುಂಪಿನ ನಡುವಿನ ಅಂತರ 2.8 ಪಟ್ಟು. ಬ್ರಾತ್ ಜೋರಾಗಿ ಬೆಳೆಯುವಾಗ ತೆಗೆದಿದ್ದರೆ ಪ್ಯಾರಾಹೀಮೋಲಿಟಿಕಸ್‌ನ ಕೆಳತುದಿ ಅಲ್ಜಿನೋಲಿಟಿಕಸ್‌ನ ಮೇಲ್ತುದಿಯ ಒಳಗೆ ಬಂದು ಕೂತಿರ್ತಿತ್ತು. ನಿಮ್ಮಲ್ಲಿ 42ಕ್ಕೂ 55ಕ್ಕೂ ನಡುವೆ ಖಾಲಿ ಜಾಗ ಇರುವುದು ರಾತ್ರಿ ಇಡೀ ಇಟ್ಟು ಬೆಳವಣಿಗೆ ನಿಂತ ಬ್ರಾತ್ ಆದ್ದರಿಂದ ಇರಬಹುದು. ಹಾಗಂತ ಡೆಪ್ತ್ ಒಂದನ್ನೇ ನೆಚ್ಚಬಾರದು.

ಸರಿಯಾದ ದಾರಿ: ಆ 61 ಸಾವಿರ ಬೇಸಿನ ಕಾಂಟಿಗ್‌ನ ಎರಡು ತುದಿ ನೋಡಿ. ಟಿಆರ್‌ಎಚ್ ಒಂದು ದ್ವೀಪದ ಹಾಗೆ ಒಳಗೆ ಸೇರಿಕೊಂಡದ್ದು, ಪಕ್ಕದಲ್ಲಿ ಯೂರಿಯೇಸ್ (ಯೂರಿಯಾ ಒಡೆಯುವ ಕಿಣ್ವ) ಜೀನ್‌ಗಳ ಸಾಲು ಇರ್ತದೆ. ಆ ದ್ವೀಪದ ಹೋಲಿಕೆ ನೋಡಿ ಪ್ರಯೋಜನ ಇಲ್ಲ, ಅದು ಜಾತಿಯಿಂದ ಜಾತಿಗೆ ದಾಟುವಂಥದ್ದು. ಡೇಟಾಬೇಸಿನಲ್ಲಿ ಪ್ಯಾರಾಹೀಮೋಲಿಟಿಕಸ್ ಜಾಸ್ತಿ ಇರುವುದರಿಂದ ಅದರದ್ದೇ ಹೆಸರು ಮೇಲೆ ಬರ್ತದೆ. ದ್ವೀಪದ ಆಚೆ-ಈಚೆ ಇರುವ ಮಾಮೂಲು ಕ್ರೋಮೋಸೋಮ್ ಜೀನ್‌ಗಳನ್ನು ಒಂದೊಂದಾಗಿ ಎರಡು ರೆಫರೆನ್ಸಿಗೂ ಬ್ಲಾಸ್ಟ್ ಮಾಡಿ. ಸ್ವಂತ ಜಾತಿಗೆ 98ರ ಮೇಲೆ, ನೆಂಟನಿಗೆ 85ರ ಹತ್ತಿರ. ಸಾಮಾನ್ಯವಾಗಿ ನಡುವಿನ ಉತ್ತರ ಬರುವುದಿಲ್ಲ. ಜೊತೆಗೆ ರೀಡುಗಳನ್ನು ಆ ಕಾಂಟಿಗ್‌ಗೆ ಬಿಡಬ್ಲ್ಯುಎಯಲ್ಲಿ ಮ್ಯಾಪ್ ಮಾಡಿ, ದ್ವೀಪ ಶುರುವಾಗುವ ಗಡಿಯಲ್ಲಿ ಜೋಡಿ ರೀಡ್ ಅತ್ತಿಂದಿತ್ತ ದಾಟ್ತದಾ ನೋಡಿ. ಡೆಪ್ತ್ ಗಡಿಯಲ್ಲಿ ಧಡಕ್ಕನೆ ಏರಿಳಿದರೆ ಸ್ಪೇಡ್ಸ್ ತಪ್ಪಾಗಿ ಹೊಲಿದಿದೆ ಅಂತ.

ಸಾವಿರ ದಾಟಿದ ಕಾಂಟಿಗ್ ಬಗ್ಗೆ ಹೆದರಿಕೆ ಬೇಡ. ಅದು ರೈಬೋಸೋಮ್ ಆರ್‌ಎನ್‌ಎ ಸಾಲು. ಆರ್‌ಐಎಂಡಿ ತಳಿಯಲ್ಲೇ ಅದು 11 ಪ್ರತಿ ಉಂಟು. 11 ಸಲ 84, ಮೇಲೆ ಇನ್ನೊಬ್ಬನದ್ದೂ ಸೇರಿ ಒಂದೇ ಕಾಂಟಿಗ್ ಆಗಿ ಮುದುಡಿಕೊಂಡಿದೆ. ಒಂದೊಂದು ಪ್ರತಿ 5 ಸಾವಿರ ಬೇಸಿನಷ್ಟು ಉದ್ದ, ನಿಮ್ಮ ರೀಡ್ 150ರದ್ದು. ಶುದ್ಧ ಐಸೋಲೇಟ್ ಆದರೂ ಇಲ್ಯುಮಿನಾ ಒಂದರಲ್ಲೇ ಎರಡು ಕ್ರೋಮೋಸೋಮ್ ಎರಡು ಕಾಂಟಿಗ್ ಆಗಿ ಬಾರದೆ ಇರುವುದಕ್ಕೆ ಕಾರಣ ಇದೇ.

ಫಾಸ್ಟ್‌ಎಎನ್‌ಐ ಕೂಡ 3,000 ಬೇಸಿನ ತುಂಡು ಮಾಡಿ ಹೋಲಿಸುವುದು. ಅದಕ್ಕಿಂತ ಚಿಕ್ಕ ಕಾಂಟಿಗ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. 98.4 ಬಂದದ್ದು ದೊಡ್ಡ ಕಾಂಟಿಗ್‌ಗಳ ಮಾತು, ಚಿಕ್ಕದರಲ್ಲಿ ಅದಲುಬದಲು ಇನ್ನೂ ಇರಬಹುದು.

ಉಳ್ಳಾಲ_ಅಗರ್:

ಕಂಪ್ಯೂಟರಿನವರು ಮಾತಾಡುವಾಗ ನಡುವೆ ಬರ್ತೇನೆ. ತಪ್ಪಿದ್ದು ಪ್ಲೇಟಿನಲ್ಲಿ, ಸರಿ ಮಾಡಬೇಕಾದದ್ದೂ ಅಲ್ಲೇ. ಪೆಪ್ಟೋನ್ ನೀರಿನಿಂದ ನೇರ ಟಿಸಿಬಿಎಸ್‌ಗೆ ಹೋಗಿ ಮೊದಲ ಪ್ಲೇಟಿನ ಕಾಲೊನಿಯನ್ನೇ ಬ್ರಾತಿಗೆ ಹಾಕಿದ್ದೀರಿ. ಅಲ್ಜಿನೋಲಿಟಿಕಸ್ ಸುಕ್ರೋಸ್ ಹುಳಿಸಿ ಹಳದಿ ಆಗ್ತದೆ, ಪ್ಯಾರಾಹೀಮೋಲಿಟಿಕಸ್ ಹಸಿರು, ಇದು ಪಾಠದಲ್ಲಿ. ಮೊದಲ ಗೀರಿನ ದಟ್ಟ ಜಾಗದಲ್ಲಿ ಹಸಿರು ಕಾಲೊನಿಯ ಅಂಚಿನಡಿ ಹಳದಿಯವನು ತೆಳ್ಳಗೆ ಹರಡಿಕೊಂಡಿದ್ದರೆ ಬಣ್ಣದಲ್ಲಿ ಗೊತ್ತೇ ಆಗುವುದಿಲ್ಲ. ಟಿಸಿಬಿಎಸ್ ಬೆಳವಣಿಗೆಯನ್ನು ತಡೆದಿಟ್ಟ ಜೀವಕೋಶ ಸಾಯಬೇಕೆಂದಿಲ್ಲ, ಬ್ರಾತಿಗೆ ಬಿದ್ದ ಕೂಡಲೇ ಎದ್ದು ಬರ್ತದೆ.

ಗ್ಲಿಸರಾಲ್ ಸ್ಟಾಕ್ ಇದ್ದರೆ ತೆಗೆದು ಹೀಗೆ ಮಾಡಿ. ಶೇ. 2 ಉಪ್ಪು ಹಾಕಿದ, ಯಾವ ಬ್ಯಾಕ್ಟೀರಿಯಾವನ್ನೂ ತಡೆಯದ ಅಗರ್‌ನಲ್ಲಿ ಗೀರಿ, 37 ಡಿಗ್ರಿಯಲ್ಲಿ 18 ಗಂಟೆ. ದೂರ ದೂರ ಬಿದ್ದ ಹತ್ತು ಕಾಲೊನಿ ಆರಿಸಿ, ಒಂದೊಂದನ್ನೂ ಬೇರೆ ಪ್ಲೇಟಿಗೆ ಮೂರು ಸಲ ಗೀರಿ ದಾಟಿಸಿ. ಹರಡಿಕೊಂಡು ಪೊರೆಯ ಹಾಗೆ ಬೆಳೆದರೆ ಅಗರ್ ಸ್ವಲ್ಪ ಗಟ್ಟಿ ಮಾಡಿ, ಪ್ಲೇಟನ್ನು ಚೆನ್ನಾಗಿ ಒಣಗಿಸಿ. ಆಮೇಲೆ ಪ್ರತಿಯೊಂದನ್ನೂ ಶೇ. 10 ಉಪ್ಪಿನ ಬ್ರಾತಿಗೆ ಹಾಕಿ. ಅಲ್ಜಿನೋಲಿಟಿಕಸ್ ಬೆಳೆದು ಬ್ರಾತ್ ಕದಡ್ತದೆ, ಪ್ಯಾರಾಹೀಮೋಲಿಟಿಕಸ್ ಬೆಳೆಯದೆ ತಿಳಿಯಾಗಿ ಉಳಿಯುತ್ತದೆ. ಹತ್ತು ರೂಪಾಯಿಯ ಪರೀಕ್ಷೆ.

ಯೂರಿಯೇಸ್ ಜೀನ್ ಟಿಆರ್‌ಎಚ್ ಪಕ್ಕದಲ್ಲಿ ಅಂತ ಹೇಳಿದರಲ್ಲ, ಅದನ್ನೂ ಉಪಯೋಗಿಸಿ. ಕ್ರಿಸ್ಟೆನ್ಸನ್ ಯೂರಿಯಾ ಅಗರ್‌ಗೆ ಶೇ. 2 ಉಪ್ಪು ಸೇರಿಸಿ ಎಲ್ಲ ಹತ್ತನ್ನೂ ಹಾಕಿ. ಉಪ್ಪು ಮರೆತರೆ ಬೆಳೆಯುವುದೇ ಇಲ್ಲ, ನೀವು ನೆಗೆಟಿವ್ ಅಂತ ಬರೆದುಕೊಳ್ತೀರಿ. ಗುಲಾಬಿ ಆದವರು ಯಾರು, 10 ಉಪ್ಪಿನಲ್ಲಿ ಬೆಳೆದವರು ಯಾರು, ಪಕ್ಕಪಕ್ಕ ಬರೆದರೆ ಟಿಆರ್‌ಎಚ್ ಯಾರ ಮನೆಯದ್ದು ಅಂತ ಸೀಕ್ವೆನ್ಸಿಂಗ್ ಇಲ್ಲದೆಯೇ ಗೊತ್ತಾಗ್ತದೆ.

ಅಳಿವೆಬಾಗಿಲು:

ಸ್ಟಾಕ್ ಉಂಟು, ಇವತ್ತೇ ಗೀರಿದೆ. ಅಷ್ಟರಲ್ಲಿ ಕಾಂಟಿಗ್ ನೋಡಿದೆ. ಎಡತುದಿಯ 14 ಸಾವಿರ ಬೇಸಿನಲ್ಲಿ 12 ಜೀನ್, ಬಲತುದಿಯ 9 ಸಾವಿರದಲ್ಲಿ 8. ಇಪ್ಪತ್ತೂ ಅಲ್ಜಿನೋಲಿಟಿಕಸ್‌ಗೆ 98ರಿಂದ 99, ಪ್ಯಾರಾಹೀಮೋಲಿಟಿಕಸ್‌ಗೆ 84ರಿಂದ 87. ನಡುವೆ ಟಿಆರ್‌ಎಚ್, ಅದರ ಬಗಲಲ್ಲೇ ಯೂರಿಯೇಸ್ ಸಾಲು. ಗಡಿಯಲ್ಲಿ ಡೆಪ್ತ್ ಸಮ, ಜೋಡಿ ರೀಡ್ ದಾಟ್ತವೆ. ಮೊದಲ ಗುಂಪಿನ 131 ಕಾಂಟಿಗ್‌ನಲ್ಲಿ ಟಿಆರ್‌ಎಚ್ ಇಲ್ಲ.

ಹಾಗಾದರೆ ಮೊದಲ ಗುಂಪನ್ನು ಪ್ಯಾರಾಹೀಮೋಲಿಟಿಕಸ್ ಅಂತ, ಎರಡನೆಯದನ್ನು ಟಿಆರ್‌ಎಚ್ ಇರುವ ಅಲ್ಜಿನೋಲಿಟಿಕಸ್ ಅಂತ ಎರಡು ಜೀನೋಮ್ ಆಗಿ ಸಲ್ಲಿಸಬಹುದಾ? ದುಡ್ಡು ಕೊಟ್ಟ ಡೇಟಾ, ಬಿಸಾಡಲಿಕ್ಕೆ ಮನಸ್ಸಿಲ್ಲ.

ಮಣಿಪಾಲದ_ಮಳೆ:

ಐಸೋಲೇಟ್ ಅಂತ ಸಲ್ಲಿಸಬೇಡಿ. ಎರಡರಲ್ಲೂ ಹೋಲುವ ಜೀನ್‌ಗಳ ಕಾಂಟಿಗ್ ಆ 51 ಚಿಲ್ಲರೆಯಲ್ಲಿ ಸಿಕ್ಕಿಬಿದ್ದಿದೆ, ಹಾಗಾಗಿ ಎರಡು ಜೀನೋಮಿನಲ್ಲೂ ತೂತು. ಪ್ಲಾಸ್ಮಿಡ್ (ಕ್ರೋಮೋಸೋಮಿನ ಹೊರಗಿನ ಚಿಕ್ಕ ಡಿಎನ್‌ಎ) ಇದ್ದರೆ ಅದರ ಪ್ರತಿ ಸಂಖ್ಯೆ ಬೇರೆ, ಡೆಪ್ತ್ ನೋಡಿ ಯಾರದ್ದು ಅಂತ ಹೇಳಲಿಕ್ಕೆ ಬರುವುದಿಲ್ಲ. ಅಲ್ಜಿನೋಲಿಟಿಕಸ್‌ನ 20 ಪ್ರತಿಯ ಪ್ಲಾಸ್ಮಿಡ್ 600 ಅಂತ ಕಂಡು ಯಾವ ಗುಂಪಿಗೂ ಬಾರದೆ ಉಳಿದಿರಬಹುದು. ಮಿಶ್ರಣದಿಂದ ಬೇರ್ಪಡಿಸಿದ ಜೀನೋಮ್ ಅಂತ ಬೇರೆ ವರ್ಗವೇ ಉಂಟು, ಅಲ್ಲಿ ಹಾಕಬಹುದು. ಆದರೆ ಸ್ಟಾಕ್ ಕೈಯಲ್ಲಿರುವಾಗ ಅದು ಯಾಕೆ? ಜೆನ್‌ಬ್ಯಾಂಕ್‌ನಲ್ಲಿ ಜಾತಿಯ ಹೆಸರನ್ನು ಎಎನ್‌ಐ ಹಾಕಿ ಪರಿಶೀಲಿಸ್ತಾರೆ, ಈಗಿನ 1 ಕೋಟಿ 3 ಲಕ್ಷದ ಫೈಲ್ ಕಳಿಸಿದರೆ ಹಿಂದೆ ಬಂದೀತು.

ಈಗಿನ ಡೇಟಾ ವ್ಯರ್ಥ ಆಗುವುದಿಲ್ಲ. ಹೊಸ ಶುದ್ಧ ಐಸೋಲೇಟಿನ ಅಸೆಂಬ್ಲಿ ಬಂದ ಮೇಲೆ ಈ ರೀಡುಗಳನ್ನು ಅದಕ್ಕೆ ಮ್ಯಾಪ್ ಮಾಡಿ, ಆ ಟ್ಯೂಬಿನಲ್ಲಿ ಇದ್ದದ್ದು ಇದೇ ತಳಿಯಾ ಅಂತ ಖಚಿತ ಮಾಡಿಕೊಳ್ಳಲಿಕ್ಕೆ ಬೇಕಾಗ್ತದೆ. ಮೂಲ ಎಫ್‌ಎಎಸ್‌ಟಿಕ್ಯೂ ಮತ್ತು ಸ್ಪೇಡ್ಸ್ ಲಾಗ್ ಇಟ್ಟುಕೊಳ್ಳಿ. ಕೆ21, ಕೆ33 ಫೋಲ್ಡರ್‌ಗಳನ್ನು ಅಳಿಸಿ, ಡಿಸ್ಕ್ ತಿನ್ನುವುದು ಅವೇ.

ಕೊಣಾಜೆಗುಡ್ಡೆ:

ಮತ್ತೆ ಕಳಿಸುವಾಗ ಒಂದು ಐಸೋಲೇಟಿಗೆ 40 ಲಕ್ಷ ಜೋಡಿ ಕೊಳ್ಳಬೇಡಿ. 18 ಲಕ್ಷ ಜೋಡಿ ಅಂದರೆ 54 ಕೋಟಿ ಬೇಸ್, 52 ಲಕ್ಷಕ್ಕೆ ಭಾಗಿಸಿದರೆ ಸುಮಾರು 104 ಡೆಪ್ತ್, ಸಾಕು. ಮೊದಲಿನಷ್ಟು ರೀಡಿನೊಳಗೇ ಎರಡು ಬರ್ತದೆ: 10 ಉಪ್ಪಿನಲ್ಲಿ ಬೆಳೆಯದ ಒಂದು, ಬೆಳೆದು ಯೂರಿಯಾ ಗುಲಾಬಿ ಮಾಡಿದ ಒಂದು. ಡಿಎನ್‌ಎ ಕ್ಯೂಬಿಟ್‌ನಲ್ಲಿ ಅಳೆಯಿರಿ. ನ್ಯಾನೊಡ್ರಾಪ್ ಆರ್‌ಎನ್‌ಎಯನ್ನೂ ಸೇರಿಸಿ ಲೆಕ್ಕ ಹೇಳ್ತದೆ, 50 ಅಂದದ್ದು 15 ಆಗಿರಬಹುದು.

ಎರಡನೆಯದಕ್ಕೆ ಸಾಧ್ಯವಾದರೆ ಉದ್ದ ರೀಡ್ ಕೊಡುವ ನ್ಯಾನೊಪೋರ್ ಕೂಡ ಮಾಡಿಸಿ, 50 ಡೆಪ್ತ್ ಸಿಕ್ಕಿದರೆ ಅದನ್ನು ಜೋಡಿಸುವ ಫ್ಲೈ ಎರಡು ಕ್ರೋಮೋಸೋಮನ್ನೂ ಉಂಗುರ ಮಾಡಿ ಕೊಡ್ತದೆ. ಟಿಆರ್‌ಎಚ್ ದ್ವೀಪ ಎಲ್ಲಿ ಕೂತಿದೆ ಅಂತ ಅಲ್ಲಿ ಪೂರ್ತಿ ಕಾಣಬಹುದು. ಅದಕ್ಕೆ ಡಿಎನ್‌ಎ ತೆಗೆಯುವಾಗ ವೋರ್ಟೆಕ್ಸ್ ಮಾಡಬೇಡಿ, ಟಿಪ್ಪಿನ ತುದಿ ಕತ್ತರಿಸಿ ಅಗಲ ಮಾಡಿಕೊಂಡು ನಿಧಾನ ಎತ್ತಿ.

ಸದ್ಯಕ್ಕೆ ವರದಿಯಲ್ಲಿ ಟಿಆರ್‌ಎಚ್ ಸಾಲು ಇದ್ದರೆ ತೆಗೆದಿಡಿ. ಹತ್ತು ಕಾಲೊನಿಯ ಉಪ್ಪು ಮತ್ತು ಯೂರಿಯಾ ಫಲಿತಾಂಶ ಬಂದ ಮೇಲೆ ಇಲ್ಲಿ ಹಾಕಿ, ಯಾವ ಎರಡನ್ನು ಕಳಿಸುವುದು ಅಂತ ನೋಡುವ.